ತುಂಗಭದ್ರೆಯ ಎರಡು ದಂಡೆಗಳಿಂದ ನೋಡಿದರೆ: ನಮ್ಮ ದೇಶದ ಬಗ್ಗೆ ನಾವೇ ನಂಬಿಕೊಂಡ ಕೆಲವು ಮಾತುಗಳು

1947ರ ಆಗಸ್ಟ್ 15ರಂದು ತುಂಗಭದ್ರೆಯ ಬಲದಂಡೆಯಲ್ಲಿರುವ ಹೊಸಪೇಟೆ ಮತ್ತು ಬಳ್ಳಾರಿ ಸ್ವತಂತ್ರ ಭಾರತದ ಊರುಗಳಾದವು. ಎಡದಂಡೆಯ ಮುನಿರಾಬಾದ್, ಕೊಪ್ಪಳ, ಗಂಗಾವತಿ, ರಾಯಚೂರುಗಳು ಆಗಲಿಲ್ಲ. ಅಲ್ಲಿ ತ್ರಿವರ್ಣ ಧ್ವಜ ಹಾರಿಸುವುದನ್ನು ನಿಜಾಮನ ಸರ್ಕಾರ ನಿಷೇಧಿಸಿತ್ತು. ಆ ದಿನ ಒಂದೇ ಹೊಳೆಯ ನೀರು ಕುಡಿಯುತ್ತಿದ್ದ, ಒಂದೇ ಭಾಷೆ ಆಡುತ್ತಿದ್ದ, ಹೆಣ್ಣು ಕೊಟ್ಟು ತಂದು ಬಳಗವಾಗಿದ್ದ ಜನರ ನಡುವೆ ಒಂದು ದೇಶದ ಗಡಿಯೇ ಬಿದ್ದಿತ್ತು. ಹೀಗಿದ್ದೂ ರಾಯಚೂರಿನ ಶಾಲೆಯಲ್ಲಿ ಓದುವ ಮಗುವಿಗೆ ಇಂದು ಅದರ ಅಜ್ಜನಿಗೆ ಸ್ವಾತಂತ್ರ್ಯ ಯಾವಾಗ ಬಂತು ಎಂದು ಕೇಳಿದರೆ, ಅದು ಯೋಚಿಸದೆ 1947 ಎಂದೇ ಹೇಳುತ್ತದೆ. ಮಗುವಿನ ತಪ್ಪೇನೂ ಇಲ್ಲ. ನಾವೆಲ್ಲರೂ ಹಾಗೆಯೇ ಕಲಿತು ಬಂದವರು.

ದೇಶದ ಬಗ್ಗೆ ನಮ್ಮಲ್ಲಿ ಬೇರೂರಿರುವ ತಪ್ಪು ನಂಬಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಬೇಕೆಂದೇ ಕಟ್ಟಿದ ಸುಳ್ಳುಗಳು ಕಡಿಮೆ. ಹತ್ತಾರು ವರ್ಷ ಅಥವಾ ನೂರಾರು ವರ್ಷ ನಡೆದ, ಒಂದೊಂದು ಸೀಮೆಯಲ್ಲಿ ಒಂದೊಂದು ರೀತಿಯಲ್ಲಿ ನಡೆದ ಬೆಳವಣಿಗೆಯನ್ನು ಒಂದೇ ದಿನಕ್ಕೆ, ಒಂದೇ ಭಾಷೆಗೆ ಅಥವಾ ಒಂದೇ ಕಾರಣಕ್ಕೆ ಇಳಿಸಿದಾಗ ಹುಟ್ಟಿಕೊಂಡವೇ ಹೆಚ್ಚು. ದೂರದಿಂದ ನೋಡುವವರಿಗೆ ಆ ಸಂಕ್ಷೇಪ ಸಾಕಾಗಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ನಿಂತು ನೋಡುವವರಿಗೆ ಸಾಕಾಗುವುದಿಲ್ಲ, ಏಕೆಂದರೆ ಈ ಸಂಕ್ಷೇಪಗಳನ್ನು ಒರೆಗೆ ಹಚ್ಚುವ ಸಾಕ್ಷ್ಯ ಇಲ್ಲಿನ ಬಂಡೆಗಳಲ್ಲಿ, ಕೋಟೆಗಳಲ್ಲಿ, ಹೊಲಗಳಲ್ಲಿ ನಮ್ಮ ಕಣ್ಣೆದುರೇ ಇದೆ.

ಮೊದಲು ಸ್ವಾತಂತ್ರ್ಯದ ದಿನವನ್ನೇ ತೆಗೆದುಕೊಳ್ಳೋಣ. ಭಾರತ 1947ರ ಆಗಸ್ಟ್ 15ರಂದು ಸ್ವತಂತ್ರವಾಯಿತು ಎಂಬ ಮಾತು ಸರಿಯಾದದ್ದೇ. ಇಂದು ನಾವು ಗೋಡೆಯ ಮೇಲೆ ನೋಡುವ ನಕ್ಷೆ ಅಷ್ಟಕ್ಕೆ ಅಷ್ಟೂ ಆ ಮಧ್ಯರಾತ್ರಿ ಸ್ವತಂತ್ರ ಭಾರತವಾಯಿತು ಎಂದು ಭಾವಿಸುವುದು ತಪ್ಪು. ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರಾಂತ್ಯಗಳ ಜೊತೆಗೆ ಐನೂರಕ್ಕೂ ಹೆಚ್ಚು ದೇಶೀ ಸಂಸ್ಥಾನಗಳಿದ್ದವು. ಸ್ವಾತಂತ್ರ್ಯದ ಕಾಯ್ದೆ ಅವುಗಳ ಮೇಲಿದ್ದ ಬ್ರಿಟಿಷರ ಪರಮಾಧಿಕಾರವನ್ನು ಕೊನೆಗೊಳಿಸಿತೇ ಹೊರತು ಅವುಗಳನ್ನು ತಾನಾಗಿ ಭಾರತಕ್ಕೆ ಸೇರಿಸಲಿಲ್ಲ. ಹೆಚ್ಚಿನ ಅರಸರು ಆಗಸ್ಟ್ 15ರ ಒಳಗೆ ಸೇರ್ಪಡೆಯ ಪತ್ರಕ್ಕೆ ಸಹಿ ಹಾಕಿದ್ದರು. ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಾಕಲಿಲ್ಲ. 1947ರ ನವೆಂಬರಿನಲ್ಲಿ ಭಾರತ ಸರ್ಕಾರ ಮತ್ತು ನಿಜಾಮರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆ ಅವಧಿಯಲ್ಲಿ ಖಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರವಾದ ಖಾಸಗಿ ಪಡೆಯವರು, ಹಳ್ಳಿಗಳಲ್ಲಿ ನಡೆಸಿದ ಸುಲಿಗೆ ಮತ್ತು ಹಿಂಸೆಯ ನೆನಪು ಈ ಭಾಗದ ಹಿರಿಯರ ಮಾತಿನಲ್ಲಿ ಇನ್ನೂ ಉಳಿದಿದೆ. ಕೊಪ್ಪಳ ಸೀಮೆಯ ಅಳವಂಡಿ ಶಿವಮೂರ್ತಿಸ್ವಾಮಿಯವರಂಥ ಹೋರಾಟಗಾರರು ಗಡಿಯಾಚೆಗೆ, ಅಂದಿನ ಮುಂಬಯಿ ಪ್ರಾಂತ್ಯದಲ್ಲಿದ್ದ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹೋರಾಡಿದರು. ಒಂದು ಹಗಲಿನ ನಡಿಗೆಯ ದೂರದಲ್ಲಿರುವ ಇನ್ನೊಂದು ಕನ್ನಡದ ಊರಿಗೆ ಹೋಗಿ ಆಶ್ರಯ ಪಡೆಯಬೇಕಾಗಿದ್ದ ಆ ಸ್ಥಿತಿಯನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ವಿಸ್ತಾರವಾಗಿ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಈ ಭಾಗದ ನೆನಪುಗಳಿಗೆ ಆ ದಿನವೇ ಕೇಂದ್ರ. 2019ರಿಂದ ಅದನ್ನು ಕಲ್ಯಾಣ ಕರ್ನಾಟಕ ಉತ್ಸವವೆಂದು ಆಚರಿಸಲಾಗುತ್ತಿದೆ. ಆದರೆ ಸೆಪ್ಟೆಂಬರ್ 17ನ್ನೂ ಒಂದೇ ಸಾಲಿನ ಕಥೆಯಾಗಿ ಹೇಳಲು ಬರುವುದಿಲ್ಲ. ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆದದ್ದಕ್ಕಾಗಿ ಹೈದರಾಬಾದಿನ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟಿನಲ್ಲಿ ರಜಾಕಾರರ ಕೈಯಲ್ಲಿ ಕೊಲೆಯಾದರು. ಸೇನಾ ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವೆಡೆ ಮುಸಲ್ಮಾನರ ಮೇಲೆ ಭೀಕರ ಹಿಂಸೆ ನಡೆಯಿತು. ಭಾರತ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಅತ್ಯಂತ ಎಚ್ಚರಿಕೆಯ ಅಂದಾಜಿನಲ್ಲಿಯೂ 27,000ದಿಂದ 40,000 ಜನ ಸತ್ತರೆಂದು ಬರೆಯಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಬಿಡುಗಡೆಯ ಸಂತೋಷವನ್ನೂ ಈ ಸಾವುಗಳನ್ನೂ ಒಟ್ಟಿಗೆ ನೆನೆಯುವುದು ಕಷ್ಟ, ಆದರೆ ಎರಡೂ ನಡೆದದ್ದು ನಿಜ.

ಬಲದಂಡೆಯ ಕಥೆಯೂ ಸರಳವಲ್ಲ. ಬಳ್ಳಾರಿ ಜಿಲ್ಲೆ ಇಂದು ಕಲ್ಯಾಣ ಕರ್ನಾಟಕದ ಭಾಗವಾಗಿರುವುದರಿಂದ, 2012ರ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯ ಶಿಕ್ಷಣ ಮತ್ತು ಉದ್ಯೋಗ ಮೀಸಲಾತಿಯ ಸೌಲಭ್ಯ ಅದಕ್ಕೂ ಇರುವುದರಿಂದ, ಬಳ್ಳಾರಿಯೂ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತೆಂದು ಹೊರಗಿನವರು ಮಾತ್ರವಲ್ಲ, ಇಲ್ಲಿನ ಯುವಕರೂ ನಂಬಿದ್ದಾರೆ. ವಾಸ್ತವದಲ್ಲಿ ಟಿಪ್ಪುವಿನೊಡನೆ ನಡೆದ ಯುದ್ಧಗಳ ನಂತರ ಈ ಸೀಮೆ ಅಲ್ಪಕಾಲ ನಿಜಾಮನ ಕೈಗೆ ಬಂದು, 1800ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ದತ್ತ ಮಂಡಲವೆಂದು ಕರೆಯುತ್ತಿದ್ದ ಪ್ರದೇಶ ಇದೇ. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರನಾಗಿ, ರೈತರಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ರೂಢಿಸಿದ್ದು ಆ ಬಳಿಕ. ಅಲ್ಲಿಂದ ಮುಂದೆ ಬಳ್ಳಾರಿ ಒಂದೂವರೆ ಶತಮಾನ ಮದ್ರಾಸಿಗೆ ಸೇರಿತ್ತು. ಅದರ ನಡುವೆಯೇ ಘೋರ್ಪಡೆ ಮನೆತನದ ಸಂಡೂರು ಒಂದು ಪುಟ್ಟ ಸಂಸ್ಥಾನವಾಗಿ ಉಳಿದು, 1949ರ ಏಪ್ರಿಲ್ 1ರಂದು ಮದ್ರಾಸಿನಲ್ಲಿ ವಿಲೀನವಾಯಿತು. ಹೀಗೆ ಒಬ್ಬ ವ್ಯಾಪಾರಿ ಸಂಡೂರಿನಿಂದ ಹೊರಟು ಹೊಸಪೇಟೆಯ ಮೇಲೆ ಹಾದು ಕೊಪ್ಪಳಕ್ಕೆ ಹೋದರೆ, ಅವನು ಅಂದು ಮೂರು ಬೇರೆ ಬೇರೆ ಆಡಳಿತಗಳನ್ನು ದಾಟುತ್ತಿದ್ದ.

ತುಂಗಭದ್ರಾ ಅಣೆಕಟ್ಟಿನ ಇತಿಹಾಸವೇ ಇದಕ್ಕೆ ದೊಡ್ಡ ದಾಖಲೆ. 1945ರ ಫೆಬ್ರವರಿಯಲ್ಲಿ ಅದಕ್ಕೆ ಎರಡೂ ದಂಡೆಗಳಲ್ಲಿ ಪ್ರತ್ಯೇಕವಾಗಿ ಶಂಕುಸ್ಥಾಪನೆ ನಡೆಯಿತು: ಎಡದಂಡೆಯಲ್ಲಿ ನಿಜಾಮನ ಮಗ ಬೇರಾರಿನ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್. ಜಲಾಶಯ ಬಳಕೆಗೆ ಬಂದ 1953ರಲ್ಲಿಯೇ ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂದು ವಿಚಾರಿಸಿದ ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಬಳಿಕ ಬಳ್ಳಾರಿ ತಾಲ್ಲೂಕೂ ಸೇರಿ ಜಿಲ್ಲೆಯ ಬಹುಭಾಗ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆ ಹೊತ್ತಿನ ಗಲಭೆಯಲ್ಲಿ ಕನ್ನಡ ಪರ ಕಾರ್ಯಕರ್ತ ಪಿಂಜಾರ ರಂಜಾನ್ ಸಾಬ್ ಬಳ್ಳಾರಿಯಲ್ಲಿ ಪ್ರಾಣ ಕಳೆದುಕೊಂಡರು. ಎಡದಂಡೆಯ ರಾಯಚೂರು ಜಿಲ್ಲೆ, ಅಂದು ಅದರ ಭಾಗವಾಗಿದ್ದ ಕೊಪ್ಪಳದ ಸಮೇತ, 1956ರ ನವೆಂಬರ್ 1ರಂದು ಬಂತು. ಅದರಲ್ಲಿಯೂ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು. ದೇಶದ ಉಳಿದ ಕಡೆಯೂ ಹೀಗೆಯೇ: ಪುದುಚೇರಿಯ ಆಡಳಿತವನ್ನು ಫ್ರೆಂಚರು ಬಿಟ್ಟುಕೊಟ್ಟದ್ದು 1954ರಲ್ಲಿ, ಗೋವಾ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ, ಸಿಕ್ಕಿಂ ಭಾರತದ ರಾಜ್ಯವಾದದ್ದು 1975ರಲ್ಲಿ. ನಕ್ಷೆ ಒಂದು ರಾತ್ರಿಯಲ್ಲಿ ಆದದ್ದೆಂದು ತಿಳಿದರೆ, ಅದನ್ನು ಆಗಿಸಿದ ಇಷ್ಟೂ ಜನರ ದುಡಿಮೆ ಮರೆಯಾಗುತ್ತದೆ. ಇದಕ್ಕಾಗಿಯೇ ಈ ನಂಬಿಕೆಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಚರ್ಚಿಸಿದೆ.

ಹಿಂದಿ ನಮ್ಮ ರಾಷ್ಟ್ರಭಾಷೆ ಎಂಬ ಮಾತು ಇನ್ನೊಂದು. ಭಾರತದ ಸಂವಿಧಾನದಲ್ಲಿ ಯಾವ ಭಾಷೆಗೂ ರಾಷ್ಟ್ರಭಾಷೆಯ ಸ್ಥಾನವಿಲ್ಲ. 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಕೇಂದ್ರ ಸರ್ಕಾರದ ಆಡಳಿತ ಭಾಷೆಯೆಂದು ಹೇಳುತ್ತದೆ, ಅಂದರೆ ಕೇಂದ್ರದ ಕಚೇರಿಗಳು ಯಾವ ಭಾಷೆಯಲ್ಲಿ ವ್ಯವಹರಿಸಬೇಕು ಎಂಬುದಷ್ಟೇ ಅದರ ವ್ಯಾಪ್ತಿ. 345ನೇ ವಿಧಿ ರಾಜ್ಯಗಳಿಗೆ ತಮ್ಮ ಆಡಳಿತ ಭಾಷೆಯನ್ನು ತಾವೇ ಆರಿಸಿಕೊಳ್ಳುವ ಅಧಿಕಾರ ಕೊಡುತ್ತದೆ. ಅದರಂತೆ ನಮ್ಮಲ್ಲಿ 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾಯ್ದೆ ಬಂತು. ಎಂಟನೇ ಅನುಸೂಚಿಯಲ್ಲಿ ಆರಂಭದಲ್ಲಿ 14 ಭಾಷೆಗಳಿದ್ದವು, ಇಂದು 22 ಇವೆ. ಕನ್ನಡ ಮೊದಲಿನಿಂದಲೂ ಇದೆ. 1950ರಿಂದ 15 ವರ್ಷಗಳ ಬಳಿಕ ಕೇಂದ್ರದಲ್ಲಿ ಇಂಗ್ಲಿಷ್ ತೆರವಾಗಬೇಕೆಂದಿತ್ತು. ಹಿಂದಿಯೇತರ ರಾಜ್ಯಗಳ ವಿರೋಧದಿಂದ 1963ರ ಕಾಯ್ದೆಯ ಮೂಲಕ ಅದು ಮುಂದುವರಿಯಿತು. 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ, ಹಿಂದಿಯನ್ನು ರಾಷ್ಟ್ರಭಾಷೆಯೆಂದು ಘೋಷಿಸಿದ ಯಾವ ಆದೇಶವೂ ದಾಖಲೆಯಲ್ಲಿಲ್ಲವೆಂದು ಹೇಳಿತು.

ಇಷ್ಟು ಸ್ಪಷ್ಟವಿದ್ದರೂ ನಂಬಿಕೆ ಏಕೆ ಅಳಿದಿಲ್ಲ ಎಂಬ ಪ್ರಶ್ನೆ ಮುಖ್ಯ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಹಿಂದಿಯ ಪ್ರಚಾರ ರಾಷ್ಟ್ರೀಯ ಚಳವಳಿಯ ಭಾಗವಾಗಿತ್ತು. 1918ರಲ್ಲಿ ಗಾಂಧೀಜಿ ಆರಂಭಿಸಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳಲ್ಲಿ ಒಂದರ ಹೆಸರೇ 'ರಾಷ್ಟ್ರಭಾಷಾ'. ಬಳ್ಳಾರಿ, ಹೊಸಪೇಟೆಗಳಲ್ಲಿ ಆ ಪ್ರಮಾಣಪತ್ರ ಪಡೆದ ಹಿರಿಯರು ಅದನ್ನು ಸರ್ಕಾರದ ಘೋಷಣೆಯೆಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಎರಡನೆಯ ಕಾರಣ ಅಂಕಿಗಳದ್ದು. 2011ರ ಜನಗಣತಿಯಲ್ಲಿ ಹಿಂದಿಯವರು ಸುಮಾರು 52.8 ಕೋಟಿ, ಅಂದರೆ ಶೇಕಡಾ 43.6 ಎಂದು ತೋರಿಸಲಾಗಿದೆ. ಈ ಮೊತ್ತದೊಳಗೆ ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ ಮುಂತಾದವುಗಳನ್ನು ಮಾತೃಭಾಷೆಯೆಂದು ಬರೆಸಿದವರೂ ಸೇರಿದ್ದಾರೆ. ಭೋಜಪುರಿಯವರೇ ಐದು ಕೋಟಿಗೂ ಹೆಚ್ಚು. ಹಿಂದಿಯನ್ನೇ ಮಾತೃಭಾಷೆಯೆಂದು ಹೆಸರಿಸಿದವರು ಸುಮಾರು 32 ಕೋಟಿ. ದೊಡ್ಡ ಸಂಖ್ಯೆಯೇ ಹೌದು, ಆದರೆ ದೇಶದ ಅರ್ಧಕ್ಕಿಂತ ಬಹಳ ಕಡಿಮೆ. ರಾಯಚೂರಿನ ಜನಕ್ಕೆ ಈ ವಿಷಯ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ನಿಜಾಮನ ಆಡಳಿತದಲ್ಲಿ ಕಚೇರಿಯೂ ಕಲಿಕೆಯೂ ಉರ್ದುವಿನಲ್ಲಿ ನಡೆದ ಕಾಲವನ್ನು ಈ ಊರು ಕಂಡಿದೆ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ನಾಲ್ಕೂ ಇಲ್ಲಿನ ಸಂತೆಯಲ್ಲಿ ಇಂದಿಗೂ ಬಳಕೆಯಲ್ಲಿವೆ. ಒಂದು ಭಾಷೆ ಅಧಿಕಾರದ ಭಾಷೆಯಾದ ಮಾತ್ರಕ್ಕೆ ಜನರ ಭಾಷೆಯಾಗುವುದಿಲ್ಲ ಎಂಬುದಕ್ಕೆ ಇಲ್ಲಿ ಬೇರೆ ಪುರಾವೆ ಬೇಕಿಲ್ಲ.

ಇತಿಹಾಸ ಉತ್ತರದಲ್ಲಿ ನಡೆಯಿತು, ದಕ್ಷಿಣಕ್ಕೆ ಅದು ತಡವಾಗಿ ಹರಿದು ಬಂತು ಎಂಬ ಭಾವನೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಬಹಳ ಆಳಕ್ಕೆ ಇಳಿದಿರುವ ನಂಬಿಕೆ. ಅಶೋಕನನ್ನು ನೆನೆದಾಗ ನಮಗೆ ಪಾಟಲಿಪುತ್ರ, ಕಳಿಂಗ, ಸಾರನಾಥಗಳು ಹೊಳೆಯುತ್ತವೆ, ಮಸ್ಕಿ ಹೊಳೆಯುವುದಿಲ್ಲ. ಜೊತೆಗೆ, ಅಶೋಕನನ್ನು ಈ ದೇಶ ಎಂದೂ ಮರೆತಿರಲಿಲ್ಲವೆಂಬ ಊಹೆಯೂ ಇದೆ. ಬೌದ್ಧ ಗ್ರಂಥಗಳಲ್ಲಿ ಅವನ ಕಥೆಗಳಿದ್ದವು, ಪುರಾಣಗಳ ರಾಜವಂಶದ ಪಟ್ಟಿಗಳಲ್ಲಿ ಅವನ ಹೆಸರಿತ್ತು, ಅದು ನಿಜ. ಅವನ ಶಾಸನಗಳನ್ನು ಮಾತ್ರ ಓದಬಲ್ಲವರು ಉಳಿದಿರಲಿಲ್ಲ. 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಎರಡು ಅಶೋಕ ಸ್ತಂಭಗಳನ್ನು ದೆಹಲಿಗೆ ಸಾಗಿಸಿದಾಗ, ಅವುಗಳ ಮೇಲಿನ ಬರಹವನ್ನು ಓದಿ ಹೇಳಲು ಅವನು ಕರೆಸಿದ ಪಂಡಿತರಿಗೆ ಆಗಲಿಲ್ಲ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದರು. ಆಗ ಸಿಕ್ಕಿದ್ದು 'ದೇವಾನಂಪ್ರಿಯ ಪ್ರಿಯದರ್ಶಿ' ಎಂಬ ಒಬ್ಬ ಅರಸ. ಪ್ರಿನ್ಸೆಪ್ ಮೊದಲು ಅವನನ್ನು ಸಿಂಹಳದ ದೊರೆಯೆಂದು ಭಾವಿಸಿದ್ದರು; ಸಿಂಹಳದ ಪಾಲಿ ಗ್ರಂಥಗಳನ್ನು ಓದಿದ್ದ ಜಾರ್ಜ್ ಟರ್ನರ್, ಪ್ರಿಯದರ್ಶಿ ಎಂಬುದು ಅಶೋಕನ ಬಿರುದೆಂದು ತೋರಿಸಿಕೊಟ್ಟರು. ಆದರೂ ಅಶೋಕನೆಂಬ ಹೆಸರು ಯಾವ ಬಂಡೆಯ ಮೇಲೂ ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಗಳ ಶೋಧದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯೊಂದರ ಮೇಲೆ ಕಂಡ ಶಾಸನದಲ್ಲಿ 'ದೇವಾನಂಪಿಯಸ ಅಸೋಕಸ' ಎಂದು ನಿಚ್ಚಳವಾಗಿ ಬರೆದಿತ್ತು. ಸುಮಾರು ಎಂಬತ್ತು ವರ್ಷ ಗ್ರಂಥಗಳ ಆಧಾರದ ಮೇಲೆ ನಿಂತಿದ್ದ ಗುರುತಿಗೆ ಕಲ್ಲಿನ ಸಾಕ್ಷಿ ಒದಗಿದ್ದು ಪಾಟಲಿಪುತ್ರದಿಂದ ಅಲ್ಲ, ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಿಂದ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೆಗೋಳಗಳಲ್ಲಿ ಅದೇ ಹೆಸರು ದೊರೆಯಿತು. ಕೊಪ್ಪಳದ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದಿದ್ದವು. ಇವುಗಳ ಭಾಷೆ ಸಂಸ್ಕೃತವೆಂದು ಹಲವರು ತಿಳಿದಿದ್ದಾರೆ, ಅದು ಪ್ರಾಕೃತ. ಇಷ್ಟು ಒತ್ತೊತ್ತಾಗಿ ಶಾಸನಗಳು ಇಲ್ಲೇ ಏಕೆ ಎಂಬುದಕ್ಕೆ ವಿದ್ವಾಂಸರು ಕೊಡುವ ಒಂದು ಉತ್ತರ ಹಟ್ಟಿಯ ಸುತ್ತಲಿನ ಚಿನ್ನ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಆಜ್ಞೆ ಹೊರಟದ್ದು ಸುವರ್ಣಗಿರಿಯೆಂಬ ಮೌರ್ಯರ ಪ್ರಾಂತೀಯ ಕೇಂದ್ರದಿಂದ. ಅದನ್ನು ಕೊಪ್ಪಳ ಜಿಲ್ಲೆಯ ಕನಕಗಿರಿಯೆಂದು ಗುರುತಿಸುವವರಿದ್ದಾರೆ, ಮಸ್ಕಿಯ ಸುತ್ತ ಹುಡುಕುವವರೂ ಇದ್ದಾರೆ.

ಮೌರ್ಯರು ಬರುವ ಮೊದಲು ಇದು ಬರೀ ಕಾಡಾಗಿತ್ತೆಂಬುದೂ ಸಲ್ಲದ ಮಾತು. ಕುಡತಿನಿಯ ಬಳಿ ಮತ್ತು ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಬೂದಿಯ ದಿಬ್ಬಗಳಿವೆ. ನಿಂಬಾಪುರದ್ದು ವಾಲಿಯ ಚಿತೆಯ ಬೂದಿಯೆಂದು ಜನ ಹೇಳುತ್ತಾರೆ. 19ನೇ ಶತಮಾನದಲ್ಲಿ ಬಳ್ಳಾರಿ ಸೀಮೆಯನ್ನು ಸುತ್ತಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಈ ಬಗೆಯ ದಿಬ್ಬಗಳು ಸುಟ್ಟ ಸಗಣಿಯಿಂದಾದವೆಂದು, ನವಶಿಲಾಯುಗದ ದನಗಾಹಿಗಳ ನೆಲೆಗಳಿಗೆ ಸೇರಿದವೆಂದು ಕಂಡುಕೊಂಡರು. ನಂತರದ ಉತ್ಖನನಗಳು ಅಲ್ಲಿ ದನದ ದೊಡ್ಡಿಗಳ ಗುರುತುಗಳನ್ನೇ ತೋರಿಸಿದವು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ಜನ ಸುಮಾರು ಐದು ಸಾವಿರ ವರ್ಷಗಳ ಹಿಂದೆ ನೆಲೆಸತೊಡಗಿದ್ದರು. ಅಲ್ಲಿನ ಹಿರೇಗುಡ್ಡದ ಮೇಲೆ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲೆಗಳ ನೂರಾರು ಗೋರಿಗಳು ಒಂದೇ ಗುಡ್ಡದ ಮೇಲೆ ನಿಂತಿವೆ. ಸಿಂಧೂ ಕಣಿವೆಯ ನಗರಗಳು ಏಳುತ್ತಿದ್ದ ಕಾಲಕ್ಕೆ ಇಲ್ಲಿನ ಜನ ತಮ್ಮದೇ ಬಗೆಯ ಬದುಕು ಕಟ್ಟಿಕೊಂಡಿದ್ದರು ಎಂಬುದನ್ನು ಹೇಳದ ಭಾರತದ ಇತಿಹಾಸ ಅರ್ಧವೇ ಸರಿ.

ಅದೇ ಸಂಗನಕಲ್ಲಿನ ಮಣ್ಣು ಊಟದ ಬಗೆಗಿನ ನಂಬಿಕೆಗಳಿಗೂ ಉತ್ತರ ಕೊಡುತ್ತದೆ. ನಮ್ಮ ಅಡುಗೆ ಅನಾದಿಯಿಂದ ಹೀಗೆಯೇ ಇದೆ ಎಂದು ನಾವು ಭಾವಿಸುತ್ತೇವೆ. ಮಿರ್ಚಿ ಮಂಡಕ್ಕಿಯಿಲ್ಲದ ಬಳ್ಳಾರಿಯನ್ನು, ಖಾರದ ಚಟ್ನಿಯಿಲ್ಲದ ರಾಯಚೂರನ್ನು ಊಹಿಸಿಕೊಳ್ಳುವುದು ನಮಗೆ ಕಷ್ಟ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ಈ ಕಡೆಗೆ ಬಂತು. ಹಂಪಿಯಲ್ಲಿ ಹಕ್ಕ ಬುಕ್ಕರ ಅರಮನೆಯ ಅಡುಗೆಗೆ ಖಾರ ಕೊಟ್ಟದ್ದು ಕರಿಮೆಣಸೇ. ನಮ್ಮ ಎರೆಹೊಲಗಳ ಶೇಂಗಾ, ಮೆಕ್ಕೆಜೋಳ, ಮನೆಯ ಟೊಮ್ಯಾಟೊ, ಆಲೂಗಡ್ಡೆ, ಹಿತ್ತಲಿನ ಪಪ್ಪಾಯಿ, ಪೇರಲ ಎಲ್ಲವೂ ಅದೇ ಖಂಡದಿಂದ ಬಂದವು. ಇನ್ನೂ ಹಿಂದಕ್ಕೆ ಹೋದರೆ ನಮ್ಮ ರೊಟ್ಟಿಯ ಜೋಳ, ಸಜ್ಜೆ, ರಾಗಿ ಮೂರೂ ಆಫ್ರಿಕದಲ್ಲಿ ಮೊದಲು ಪಳಗಿದ ಧಾನ್ಯಗಳು; ಅವು ಇಲ್ಲಿಗೆ ಬಂದು ಸಾವಿರಾರು ವರ್ಷಗಳಾಗಿವೆ. ಹಾಗಾದರೆ ಈ ನೆಲದ್ದೇ ಆದ ಬೆಳೆ ಯಾವುದು? ಸಂಗನಕಲ್ಲಿನಂಥ ನೆಲೆಗಳಲ್ಲಿ ಸಿಕ್ಕ ಸುಟ್ಟು ಕರಕಲಾದ ಕಾಳುಗಳ ಅಧ್ಯಯನ ಹುರಳಿ, ಹೆಸರು, ಕೊರಲೆ ಮುಂತಾದವುಗಳನ್ನು ತೋರಿಸುತ್ತದೆ. ದಕ್ಷಿಣ ಭಾರತದ ಕೃಷಿ ಬೇರೆಡೆಯಿಂದ ಹಾಗೆಯೇ ಎತ್ತಿ ತಂದದ್ದಲ್ಲ, ಇಲ್ಲಿಯೂ ಸ್ವತಂತ್ರವಾಗಿ ಬೆಳೆದದ್ದು ಎಂಬ ವಾದಕ್ಕೆ ಈ ಕಾಳುಗಳು ಬಲವಾದ ಆಧಾರ. ಹುರಳಿಯನ್ನು ಬಡವರ ಕಾಳೆಂದು ಕೀಳಾಗಿ ಕಾಣುವವರು ಇದನ್ನು ತಿಳಿಯಬೇಕೆಂದು ನನ್ನ ಆಸೆ. ಗಂಗಾವತಿಯ ಭತ್ತದ ಕಣಜವೂ ಹಳೆಯದೇನಲ್ಲ. ವಿಜಯನಗರದ ಕಾಲುವೆಗಳ ಕೆಳಗಿನ ಗದ್ದೆಗಳನ್ನು ಬಿಟ್ಟರೆ, ಇಷ್ಟು ವಿಸ್ತಾರದ ಭತ್ತ 1950ರ ದಶಕದಲ್ಲಿ ಎಡದಂಡೆ ಕಾಲುವೆಯ ನೀರು ಬಂದ ನಂತರದ ಮಾತು.

ಭಾರತ ಸಸ್ಯಾಹಾರಿಗಳ ದೇಶವೆಂಬ ಮಾತನ್ನು ಹೆಚ್ಚು ಬೆಳೆಸಬೇಕಿಲ್ಲ. ಮಹಾನೋಂದಣಾಧಿಕಾರಿಗಳ ಕಚೇರಿಯ 2014ರ ಮಾದರಿ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಭಾರತೀಯರಲ್ಲಿ ಸುಮಾರು ಶೇಕಡಾ 70 ಜನ ಮಾಂಸಾಹಾರಿಗಳು. ಕರ್ನಾಟಕದಲ್ಲಿ ಐವರಲ್ಲಿ ಸುಮಾರು ನಾಲ್ವರು. ರಾಜಸ್ಥಾನದಲ್ಲಿ ಇದಕ್ಕೆ ವಿರುದ್ಧವಾಗಿ ನಾಲ್ವರಲ್ಲಿ ಮೂವರು ಸಸ್ಯಾಹಾರಿಗಳು. ಇಡೀ ದೇಶಕ್ಕೆ ಒಂದೇ ಊಟವೆಂಬುದು ಇಲ್ಲ.

ಒಂದೇ ಕಾರಣಕ್ಕೆ ಇಳಿಸುವ ರೂಢಿ ಅತಿ ಹೆಚ್ಚು ಹಾನಿ ಮಾಡಿರುವುದು ಯುದ್ಧಗಳ ಇತಿಹಾಸದಲ್ಲಿ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗಾಗಿ ವಿಜಯನಗರಕ್ಕೂ ಬಹಮನಿಯವರಿಗೂ, ಮುಂದೆ ಬಿಜಾಪುರದ ಆದಿಲ್ ಶಾಹಿಗಳಿಗೂ ನಡೆದ ಕಾಳಗಗಳನ್ನು ಎರಡು ಧರ್ಮಗಳ ನಡುವಿನ ಯುದ್ಧವೆಂದು ಹೇಳಿ ಮುಗಿಸಲಾಗುತ್ತದೆ. ಈ ವಿವರಣೆಗೆ ಎದುರಾಗುವ ಮೊದಲ ಪ್ರಶ್ನೆ, ಸುಲ್ತಾನರು ಇನ್ನೂ ಇಲ್ಲದಿದ್ದಾಗ ಇಲ್ಲಿ ಕಾದಾಡಿದವರು ಯಾರು ಎಂಬುದು. 11ನೇ ಶತಮಾನದಲ್ಲಿ ಇದೇ ಎಡೆದೊರೆ ನಾಡಿಗಾಗಿ ಕಲ್ಯಾಣದ ಚಾಲುಕ್ಯರೂ ತಂಜಾವೂರಿನ ಚೋಳರೂ ಪದೇ ಪದೇ ಕಾದಾಡಿದರು. ರಾಜೇಂದ್ರ ಚೋಳ ಎಡೆದೊರೆಯನ್ನು ಗೆದ್ದೆನೆಂದು ತನ್ನ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಎರಡೂ ಕಡೆಯವರು ಶಿವಾಲಯಗಳನ್ನು ಕಟ್ಟಿಸಿದವರೇ. ರಾಯಚೂರು ಕೋಟೆಯ ಗೋಡೆಯಲ್ಲಿರುವ ಭಾರಿ ಕಲ್ಲಿನ ಶಾಸನ, 1294ರಲ್ಲಿ ಕಾಕತೀಯರ ಅಧೀನದ ಗೋರೆ ಗನ್ನಯ ರೆಡ್ಡಿಯ ಅಪ್ಪಣೆಯಂತೆ ಕೋಟೆ ಕಟ್ಟಿದ್ದನ್ನು ತಿಳಿಸುತ್ತದೆ. ಎರಡು ಹೊಳೆಗಳ ನಡುವಿನ ಕಪ್ಪು ನೆಲ, ಹಟ್ಟಿಯ ಸುತ್ತಲಿನ ಚಿನ್ನ, ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳು ಯಾರ ಕೈಯಲ್ಲಿರುತ್ತವೆಯೋ ಅವರಿಗೆ ದಖನಿನಲ್ಲಿ ಮೇಲುಗೈ. ದೊರೆಗಳು ಬದಲಾದರೂ ಈ ನೆಲದ ಮೇಲಿನ ಆಸೆ ಬದಲಾಗಲಿಲ್ಲ.

ಎರಡನೆಯ ಪ್ರಶ್ನೆ, ಸೈನ್ಯಗಳಲ್ಲಿ ಯಾರಿದ್ದರು ಎಂಬುದು. ಪ್ರೌಢದೇವರಾಯನ ಕಾಲದಿಂದ ವಿಜಯನಗರದ ಸೇನೆಯಲ್ಲಿ ಮುಸಲ್ಮಾನ ಬಿಲ್ಲುಗಾರರೂ ಕುದುರೆ ಸವಾರರೂ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಅರಸನ ಶ್ರೇಯಸ್ಸಿಗಾಗಿ ಧರ್ಮಸಾಲೆ ಕಟ್ಟಿಸಿದೆನೆಂದು ಬರೆಸಿದ ಕನ್ನಡ ಶಾಸನ ಹಂಪಿಯಲ್ಲಿದೆ, ಆ ಕಟ್ಟಡ ಒಂದು ಮಸೀದಿ. 1520ರ ರಾಯಚೂರಿನ ಪ್ರಸಿದ್ಧ ಕಾಳಗದಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿದ. ಆದಿಲ್ ಷಾನ ಬಳಿ ಫಿರಂಗಿಗಳು ಬಹಳವಿದ್ದವು. ಅವು ಒಮ್ಮೆಲೇ ಗುಂಡು ಹಾರಿಸಿದಾಗ ವಿಜಯನಗರದ ಮುಂಚೂಣಿ ಚದುರಿತು, ಆದರೆ ಅರಸನೇ ಮುಂದೆ ನಿಂತು ಪ್ರತಿದಾಳಿ ಮಾಡಿ ದಿನವನ್ನು ಗೆದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆಯುತ್ತಾನೆ. ಕೋಟೆಯ ಮೇಲಿದ್ದ ಕಾವಲಿನವರನ್ನು ಬಂದೂಕಿನಿಂದ ಕೆಡವಿ ದಾರಿ ಮಾಡಿಕೊಟ್ಟದ್ದು ಫಿಗೆರೆದೊ ಎಂಬುವನ ಕೆಳಗಿದ್ದ ಪೋರ್ಚುಗೀಸರು. ಅಂದರೆ ಹಿಂದೂ ಅರಸನ ಪರವಾಗಿ ಮುಸಲ್ಮಾನ ಸವಾರರೂ ಕ್ರೈಸ್ತ ಬಂದೂಕುಗಾರರೂ ಒಂದೇ ಕಣದಲ್ಲಿ ಹೋರಾಡಿದರು.

1565ರ ರಕ್ಕಸಗಿ ತಂಗಡಗಿ ಕಾಳಗವನ್ನೂ ಇದೇ ಎಚ್ಚರದಿಂದ ಓದಬೇಕು. ಅಳಿಯ ರಾಮರಾಯ ವರ್ಷಗಳ ಕಾಲ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿ ಕಟ್ಟಿ ದಖನಿನ ರಾಜಕಾರಣ ನಡೆಸಿದ. ಬಿಜಾಪುರದೊಡನೆ ಸೇರಿ ಅಹಮದನಗರದ ಮೇಲೆ ದಂಡೆತ್ತಿ ಹೋದ. ಅವನ ವಿರುದ್ಧ ನಿಂತ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಯುವಕನಾಗಿದ್ದಾಗ ಏಳು ವರ್ಷ ವಿಜಯನಗರದಲ್ಲಿಯೇ ಆಶ್ರಯ ಪಡೆದಿದ್ದವನು. ಆ ಯುದ್ಧದಲ್ಲಿ ಧರ್ಮದ ಮಾತು ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸುಲ್ತಾನರನ್ನು ಒಟ್ಟುಗೂಡಿಸುವಾಗ ಅದು ಬಳಕೆಯಾಗಿದ್ದಿರಲು ಸಾಕು, ಹಂಪಿಯ ದೇಗುಲಗಳ ಧ್ವಂಸವೂ ಕಣ್ಣಿಗೆ ಕಾಣುವ ಸತ್ಯ. ಅದೊಂದೇ ಕಾರಣವೆಂದು ಹೇಳಿದಾಗ ಉಳಿದ ದಾಖಲೆಗಳನ್ನೆಲ್ಲ ಬದಿಗಿಡಬೇಕಾಗುತ್ತದೆ. ಸಾಮ್ರಾಜ್ಯ ಅಂದೇ ಮುಗಿಯಿತೆಂಬುದೂ ತಪ್ಪು. ಅರವೀಡು ಅರಸರು ಪೆನುಕೊಂಡೆ, ಚಂದ್ರಗಿರಿಗಳಿಂದ ಮುಂದಿನ ಶತಮಾನದ ಮಧ್ಯದವರೆಗೂ ಆಳಿದರು. ಇನ್ನು, ಭಾರತೀಯರು ಎಂದೂ ಹೊರಗಿನ ದೇಶದ ಮೇಲೆ ದಂಡೆತ್ತಿ ಹೋಗಲಿಲ್ಲವೆಂಬ ಹೆಮ್ಮೆಯ ಮಾತಿಗೆ, ಎಡೆದೊರೆಗೆ ಬಂದ ಅದೇ ರಾಜೇಂದ್ರ ಚೋಳ 1025ರ ಸುಮಾರಿಗೆ ಸಮುದ್ರ ದಾಟಿ ಆಗ್ನೇಯ ಏಷ್ಯಾದ ಶ್ರೀವಿಜಯ ರಾಜ್ಯದ ಬಂದರುಗಳ ಮೇಲೆ ನಡೆಸಿದ ದಾಳಿಯೇ ಉತ್ತರ.

ಇಷ್ಟರ ಹೊರಗೆ, ಬೇಕೆಂದೇ ಕಟ್ಟಿದ ಸುಳ್ಳುಗಳೂ ಕೆಲವಿವೆ. ಅವು ಈಗ ಮೊಬೈಲಿನಲ್ಲಿ ಮನೆಮನೆಗೆ ತಲುಪುತ್ತಿವೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿತೆಂಬುದು ಒಂದು. ಯುನೆಸ್ಕೊ ಅಂಥ ಘೋಷಣೆ ಮಾಡಿಲ್ಲ. ಇನ್ನೊಂದು ಬ್ರಿಟಿಷ್ ಆಡಳಿತಗಾರ ಮೆಕಾಲೆಯ ಹೆಸರಿನಲ್ಲಿ ಓಡಾಡುವ ಮಾತು: ಭಾರತದ ಉದ್ದಗಲ ಸುತ್ತಿದರೂ ಒಬ್ಬ ಭಿಕ್ಷುಕನಾಗಲಿ ಕಳ್ಳನಾಗಲಿ ಕಾಣಲಿಲ್ಲವೆಂದೂ, ಆದ್ದರಿಂದ ಈ ದೇಶದ ಬೆನ್ನೆಲುಬಾದ ಶಿಕ್ಷಣವನ್ನು ಮುರಿಯಬೇಕೆಂದೂ ಅವನು 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದನಂತೆ. ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲಿಲ್ಲ, ಕಲ್ಕತ್ತೆಯಲ್ಲಿದ್ದ. ಅದೇ ತಾರೀಖಿನಲ್ಲಿ ಅವನು ಬರೆದ ಶಿಕ್ಷಣದ ಟಿಪ್ಪಣಿ ಪೂರ್ಣವಾಗಿ ಲಭ್ಯವಿದೆ, ಅದರಲ್ಲಿ ಈ ವಾಕ್ಯಗಳಿಲ್ಲ. ಅದರಲ್ಲಿರುವುದು ಬೇರೆ: ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟು ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮವೆಂಬ ಅಭಿಪ್ರಾಯವನ್ನು, ಸಂಸ್ಕೃತವನ್ನಾಗಲಿ ಅರಬ್ಬಿಯನ್ನಾಗಲಿ ತಾನು ಕಲಿತಿಲ್ಲವೆಂದು ಒಪ್ಪಿಕೊಂಡೇ ಅವನು ಬರೆದಿದ್ದಾನೆ. ನಕಲಿ ವಾಕ್ಯದಲ್ಲಿ ಮೆಕಾಲೆ ನಮ್ಮನ್ನು ಹೊಗಳುತ್ತಾನೆ. ಅಸಲಿ ಟಿಪ್ಪಣಿಯಲ್ಲಿ ನಮ್ಮನ್ನು ಓದದೆಯೇ ತಳ್ಳಿಹಾಕುತ್ತಾನೆ. ವಸಾಹತು ಆಡಳಿತ ನಮ್ಮ ಭಾಷೆಗಳಿಗೆ ಏನು ಮಾಡಿತೆಂದು ಮಕ್ಕಳಿಗೆ ಕಲಿಸಬೇಕಾದರೆ, ಓದಿಸಬೇಕಾದದ್ದು ಎರಡನೆಯದನ್ನು.